ಕಬ್ಬಿಣಕ್ಕೂ ಕೂಗಿದ ಕೋಲು

ಕಡಲದಂಡೆಯಲ್ಲಿ ಹಳೆಯ ನಾಣ್ಯ ಹುಡುಕುವ ಹವ್ಯಾಸದ ಪದ್ಮನಾಭ ಪೈಗಳು, ಯಾವುದನ್ನು ಕೊಳ್ಳಬೇಕೆಂದು ಹೋಲಿಸಿ ನೋಡಲು ಎರಡು ಅಗ್ಗದ ಲೋಹಶೋಧಕ ಕೋಲುಗಳನ್ನು ತಂದರು. ಒಂದು ಜಾಣ, ಕಬ್ಬಿಣವನ್ನು ಬಿಟ್ಟು ಬೆಳ್ಳಿ, ತಾಮ್ರಕ್ಕೆ ಮಾತ್ರ ಕೂಗುತ್ತಿತ್ತು. ಇನ್ನೊಂದು ಎಲ್ಲದಕ್ಕೂ ಕೂಗುತ್ತಿತ್ತು.

ಪೈಗಳು ಮೊದಲು ಜಾಣನನ್ನು ಮರಳಿನ ಮೇಲೆ ಆಡಿಸಿದರು. ಅದು ತುಟಿ ಬಿಚ್ಚಲಿಲ್ಲ. ಅದೇ ಜಾಗದಲ್ಲಿ ಇನ್ನೊಂದು ಹೆಜ್ಜೆಹೆಜ್ಜೆಗೂ ಕೂಗಿತು. ಅಗೆದರೆ ಸಿಕ್ಕಿದ್ದು ತುಕ್ಕು ಹಿಡಿದ ಮೊಳೆ, ಮುರಿದ ಗಾಳ.

“ಈ ಕಸಕ್ಕೂ ಕೂಗುವೆಯಲ್ಲ, ನಾಚಿಕೆಯಾಗುವುದಿಲ್ಲವೇ?” ಎಂದಿತು ಜಾಣ.

“ಆಗುತ್ತದೆ. ಆದರೆ ಏನೋ ಇದೆಯೆಂದು ತಿಳಿದ ಮೇಲೆ ಸುಮ್ಮನಿರಲು ನನಗೆ ಬರುವುದಿಲ್ಲ” ಎಂದಿತು ಇನ್ನೊಂದು.

ಅಷ್ಟರಲ್ಲಿ ದಡದಲ್ಲೇ ನಿಂತು ರಂಪಣಿ ಬಲೆ ಎಳೆಯುವ ಮೀನುಗಾರರು ಬಂದರು. ಮುಖ ಕಡಲಿಗೆ, ಬರಿಗಾಲು ಮರಳಿಗೆ; ಹಗ್ಗ ಹಿಡಿದು ಹಿಂದಕ್ಕೇ ನಡೆಯುವುದು ಅವರ ಕ್ರಮ. ಹಿಮ್ಮಡಿಯ ಕೆಳಗೆ ಏನಿದೆಯೆಂದು ನೋಡುವಂತಿಲ್ಲ. ಬಲೆ ದಡ ಸೇರಿದ ಮೇಲೆ ಅವರಲ್ಲೊಬ್ಬನಾದ ಮಾದೇವ ಖಾರ್ವಿ ಪೈಗಳ ಬಳಿಯಿದ್ದ ಗಾಳದ ರಾಶಿ ಕಂಡು ನಿಂತ.

“ಇದೆಲ್ಲ ಇಲ್ಲೇ ಇತ್ತಾ ಪೈಗಳೇ? ಹೋದ ವರ್ಷ ಇಂಥದ್ದೇ ಚುಚ್ಚಿ ನಮ್ಮಣ್ಣ ಕಾಲು ಕಳಕೊಂಡ. ದೊಡ್ಡ ಉಪಕಾರ ಆಯ್ತು.”

“ಉಪಕಾರ ನನ್ನದಲ್ಲ ಮಾರಾಯ, ಇದರದ್ದು.”

ಮಾದೇವ ಒದ್ದೆ ಕೈ ಒರೆಸಿಕೊಂಡು, ಎಲ್ಲದಕ್ಕೂ ಕೂಗುವ ಆ ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಆಮೇಲೆ ಜಾಣ ಮೆಲ್ಲಗೆ ಹೇಳಿತು: “ನಾನೂ ನಿನಗೆ ಋಣಿ. ಆ ಗಾಳಗಳೆಲ್ಲ ನನಗೂ ಗೊತ್ತಾಗಿದ್ದವು; ಕಸವೆಂದು ಕೂಗದೆ ಬಿಟ್ಟೆ.”