ಕಂಪ್ಯೂಟರ್ ಕಳ್ಳರಿಗೆ ತಿಪ್ಪೇಶನ ಕಾವಲು

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಗೋಡೆಗೆ ಒರಗಿ ಕೂತ್ಕೊಳ್ಳಿ. ತಿಪ್ಪೇಶನ ವಿಷಯ ಹೇಳ್ತೀನಿ.

ಓಬಮ್ಮ ಅಂತ ಒಬ್ಬಳು. ಗಂಡ ಇಲ್ಲ. ಇದ್ದದ್ದು ಒಂದು ಎಮ್ಮೆ, ಒಬ್ಬ ಮಗ. ಎಮ್ಮೆಗಾದ್ರೂ ಸನ್ನೆ ಅರ್ಥ ಆಗ್ತಿತ್ತು. ಮಗ ತಿಪ್ಪೇಶನಿಗೆ ಹೇಳಿದ್ದು ಹೇಳಿದಷ್ಟೇ ಅರ್ಥ ಆಗ್ತಿತ್ತು, ಅದರಾಚೆ ಕೂದಲೆಳೆಯಷ್ಟೂ ಇಲ್ಲ. "ಒಲೆ ಮೇಲಿನ ಹಾಲು ನೋಡ್ತಿರು" ಅಂದ್ರೆ, ಹಾಲು ಉಕ್ಕಿ ಒಲೆ ಆರೋವರೆಗೂ ನೋಡ್ತಿದ್ದ. ಅವ್ವ ತಲೆ ಚಚ್ಕೊಂಡ್ರೆ, "ಕಣ್ಣು ಕೂಡ ಮಿಟುಕಿಸಲಿಲ್ಲವ್ವ" ಅಂತಿದ್ದ.

ಊರ ಹಾಲಿನ ಡೈರಿಯಲ್ಲಿ ಕ್ಯಾನು ಹೊರೋ ಕೆಲಸ ಅವನದು. ಸುತ್ತಲಿನ ಹಳ್ಳಿ ಹಾಲೆಲ್ಲ ಅಲ್ಲಿಗೇ ಬರೋದು, ಓಬಮ್ಮನ ಎಮ್ಮೆ ಹಾಲೂ ಅಲ್ಲಿಗೇ. ಒಂದಿನ ಮೇಲಿನಿಂದ ಆರ್ಡರ್ ಬಂತು. ಕಂಪ್ಯೂಟರ್‌ಗೆ ಕನ್ನ ಹಾಕೋ ಕಳ್ಳರು ಹೆಚ್ಚಾಗಿದಾರೆ, ಡೈರಿಯೋರು ಮೊದಲೇ ತಯಾರಾಗಿರಬೇಕು, ಅದಕ್ಕೆ ಒಬ್ಬ ಹೊಣೆಗಾರ ಇರಬೇಕು ಅಂತ.

ಮ್ಯಾನೇಜರ್ ರುದ್ರಮುನಿ ಸಾಹೇಬ್ರು ಸಭೆ ಕರೆದ್ರು. ಬೋಂಡಾ ಬಂತು, ಕಾಫಿ ಬಂತು, ಎಲ್ಲರೂ ಬಂದ್ರು. ಹೊಣೆ ಅನ್ನೋ ಮಾತು ಬಂದ ತಕ್ಷಣ ಗುಮಾಸ್ತರಿಗೆಲ್ಲ ಬೇರೆ ಕೆಲಸ ನೆನಪಾಯ್ತು. ಬಾಗಿಲಲ್ಲಿ ಕ್ಯಾನು ಹಿಡ್ಕೊಂಡು ಉಳಿದವನು ತಿಪ್ಪೇಶ ಒಬ್ಬನೇ.

"ಇವನೇ ಆಗಲಿ" ಅಂದ್ರು ಸಾಹೇಬ್ರು. "ಎಡವಟ್ಟಾದ್ರೆ ಬೈಯೋಕೆ ಒಬ್ಬ ಬೇಕಲ್ಲ."

ಮನೆಯಲ್ಲಿ ಓಬಮ್ಮ ಮಗನ ಕೈಹಿಡಿದು ಹೇಳಿದಳು, "ದೊಡ್ಡೋರು ಏನಂತಾರೋ ಅದನ್ನೇ ಮಾಡಪ್ಪ."

"ಸರಿ ಕಣವ್ವ" ಅಂದ ತಿಪ್ಪೇಶ. ಅಲ್ಲಿಗೆ ಕೆಟ್ಟಿತು.

ಸಾಹೇಬ್ರು ಮೊದಲ ಪಾಠ ಹೇಳಿದ್ರು: "ಪಾಸ್‌ವರ್ಡೆಲ್ಲ ಬದಲಾಯಿಸು. ಹೊಸದನ್ನ ಯಾರಿಗೂ ಹೇಳಬೇಡ." ಒಬ್ಬ ಗುಮಾಸ್ತ ಎಲ್ಲಿ ಒತ್ತಬೇಕು ಅಂತ ತೋರಿಸಿಕೊಟ್ಟ. ತಿಪ್ಪೇಶ ಎಲ್ಲ ಬದಲಾಯಿಸಿದ. ಮಾರನೇ ದಿನ ಒಂದು ಕಂಪ್ಯೂಟರೂ ತೆರೀಲಿಲ್ಲ.

"ಪಾಸ್‌ವರ್ಡ್ ಏನೋ?"

"ಹೇಳಲ್ಲ ಸಾರ್."

"ನಾನು ಮ್ಯಾನೇಜರ್ ಕಣೋ."

"ಯಾರಿಗೂ ಅಂದ್ರಿ ಸಾರ್. ಮ್ಯಾನೇಜರ್ ಬಿಟ್ಟು ಅನ್ನಲಿಲ್ಲ."

ಗದರಿದ್ರು, ಬೇಡಿದ್ರು, ಬಾಳೆಹಣ್ಣು ಕೊಟ್ರು. ಹಣ್ಣು ತಿಂದ, ಬಾಯಿ ಬಿಡಲಿಲ್ಲ. ಕೊನೆಗೆ ಓಬಮ್ಮನ್ನ ಕರೆಸಿದ್ರು. ಅವಳು "ಹೇಳಬೇಡ ಮಗ, ನೀನೇ ಒತ್ತು" ಅಂದ ಮೇಲೆ ಒತ್ತಿದ.

"ಅಲ್ವೋ ದಡ್ಡ" ಅಂತ ಸಾಹೇಬ್ರು ಉಗಿದ್ರು, "ಗುಟ್ಟು ಇಟ್ಕೊಂಡು ಕೂರೋದಲ್ಲ. ಅನುಮಾನ ಬಂತೋ, ತಕ್ಷಣ ವೈರ್ ಕಿತ್ತು ಹಾಕು. ಅದು ತಯಾರಿ ಅಂದ್ರೆ."

"ಸರಿ ಸಾರ್" ಅಂದ ತಿಪ್ಪೇಶ.

ಒಂದಿನ ಯಾರದೋ ಕ್ಯಾನಿನ ಹಾಲು ತೆಳ್ಳಗೆ ಕಾಣಿಸ್ತು. ಬೆರಳದ್ದಿ ನೆಕ್ಕಿದ. ಅನುಮಾನ ಬಂತು. ಯಾವ ವೈರ್ ಅಂತ ಸಾಹೇಬ್ರು ಹೇಳಿರಲಿಲ್ಲ, ಅದಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತ. ಹಾಲು ತಣ್ಣಗಿಡೋ ಮೆಷಿನ್ ನಿಂತಿತು. ಸಂಜೆ ಹೊತ್ತಿಗೆ ಟ್ಯಾಂಕ್ ತುಂಬ ಒಡೆದ ಹಾಲು.

"ಯಾಕೋ ಕಿತ್ತೆ?"

"ಅನುಮಾನ ಬಂತು ಸಾರ್. ಹಾಲಿಗೆ ನೀರು ಬೆರೆಸಿದಂಗಿತ್ತು."

ಸಾಹೇಬ್ರು ಒಡೆದ ಹಾಲನ್ನೆಲ್ಲ ಹೊರಗೆ ಚೆಲ್ಲಿಸಿದ್ರು. ಚೆಲ್ಲಿಸಿದ ಮೇಲೆ ಅಂದ್ರು: "ಏನಾದ್ರೂ ಆದ್ರೆ ಮೊದಲು ಎಲ್ಲರಿಗೂ ತಿಳಿಸಬೇಕು ಕಣೋ. ಏನನ್ನೂ ಮುಟ್ಟಬೇಡ, ತಿಳಿಸು."

"ಸರಿ ಸಾರ್" ಅಂದ ತಿಪ್ಪೇಶ.

ಆಮೇಲೆ ಮೇಲಿನೋರು ಒಂದು ತಾಲೀಮು ಇಟ್ರು. ಕಳ್ಳರು ನುಗ್ಗಿದಾರೆ ಅಂತ ಸುಳ್ಳುಸುಳ್ಳೇ ಅಂದ್ಕೊಂಡು, ಯಾರ್ಯಾರು ಏನು ಮಾಡ್ತಾರೆ ನೋಡೋದು. ಸಾಹೇಬ್ರು ಬಂದು, "ತಿಪ್ಪೇಶ, ಕಳ್ಳರು ನುಗ್ಗಿದ್ರು ಅಂತ ಇಟ್ಕೋ" ಅಂದ್ರು. ತಿಪ್ಪೇಶ ಇಟ್ಕೊಂಡ. ಸೀದಾ ಹೋಗಿ ಆಟೋಗೆ ಮೈಕ್ ಕಟ್ಟಿಸಿದ. "ಡೈರಿಗೆ ಕಳ್ಳರು ನುಗ್ಗಿದಾರೆ, ಎಲ್ಲಾ ಹೋಯ್ತು" ಅಂತ ಕೂಗ್ತಾ ಹಳ್ಳಿ ಹಳ್ಳಿ ಸುತ್ತಿದ. ಹಾಲು ಹಾಕೋ ಹೆಂಗಸರೆಲ್ಲ ಸೌದೆ ಹಿಡ್ಕೊಂಡು ಓಡಿ ಬಂದ್ರು. ಕಳ್ಳರು ಕಾಣಲಿಲ್ಲ, ಸಾಹೇಬ್ರು ಕಂಡ್ರು. ಅಂಗಿ ಹರೀತು, ಕನ್ನಡಕ ಹೋಯ್ತು.

ಹರಿದ ಅಂಗಿಯಲ್ಲೇ ಸಾಹೇಬ್ರು ಅಂದ್ರು: "ಜನರನ್ನ ಗಾಬರಿ ಮಾಡಬಾರದು ಕಣೋ. ಯಾರು ಕೇಳಿದ್ರೂ ಏನೂ ಆಗಿಲ್ಲ ಅನ್ನು. ನಗ್ತಾ ಕೂತ್ಕೋ."

"ಸರಿ ಸಾರ್" ಅಂದ ತಿಪ್ಪೇಶ.

ಸಾಹೇಬ್ರಿಗೆ ಒಂದು ಬೆಳಿಗ್ಗೆ ಫ್ರೀ ಟಿ.ವಿ. ಕೊಡ್ತೀವಿ ಅನ್ನೋ ಮೆಸೇಜ್ ಬಂತು. ತಾಲೀಮು ಮಾಡಿಸಿದ ಸಾಹೇಬ್ರೇ ಅದನ್ನ ಒತ್ತಿದ್ರು. ಒತ್ತಿ ಟಿಫಿನ್‌ಗೆ ಹೋದ್ರು. ಕಳ್ಳರು ಆ ದಾರಿಯಲ್ಲೇ ನುಗ್ಗಿದ್ರು, ಕಂಪ್ಯೂಟರುಗಳ ಪರದೆ ಒಂದೊಂದಾಗಿ ಕೆಂಪಾಯ್ತು. ಮೊದಲು ಸಾಹೇಬ್ರದು, ಆಮೇಲೆ ಗುಮಾಸ್ತರದು, ಕೊನೆಗೆ ಹಾಲು ತೂಗೋ ಕಡೆದು.

"ಏನಾಯ್ತೋ?" ಅಂದ್ರು ಹಾಲು ತಂದು ಸಾಲಲ್ಲಿ ನಿಂತಿದ್ದ ಹೆಂಗಸರು.

"ಏನೂ ಆಗಿಲ್ಲ" ಅಂದು ತಿಪ್ಪೇಶ ನಗ್ತಾ ಕೂತ.

ಬಿಸಿಲೇರಿತು. ತೂಗೋರಿಲ್ಲ, ಬರಕೊಳ್ಳೋರಿಲ್ಲ. ಕ್ಯಾನಿನ ಹಾಲು ಕೆಡೋಕೆ ಶುರುವಾಯ್ತು. ಸಾಲಿನಲ್ಲಿದ್ದ ಓಬಮ್ಮ ತನ್ನ ಚೊಂಬಿನ ಹಾಲು ಚರಂಡಿಗೆ ಸುರಿದು, ಮಗನ ಮುಖ ನೋಡಿ ಅತ್ತಳು. ಅವನಿಗೂ ಅಳು ಬಂತು. ಆದ್ರೂ ನಗ್ತಾನೇ ಅತ್ತ.

ಸಾಹೇಬ್ರು ಓಡಿ ಬಂದ್ರು. "ಹೆದರಬೇಡಿ, ಕಳ್ಳರು ಬಂದ್ರೆ ಏನು ಮಾಡಬೇಕು ಅಂತ ದೊಡ್ಡ ಯೋಜನೆ ಬರೆಸಿದೀನಿ" ಅಂದ್ರು.

"ಎಲ್ಲಿದೆ ಸಾರ್?" ಅಂದ ಗುಮಾಸ್ತ.

ಸಾಹೇಬ್ರು ಕೆಂಪು ಪರದೆ ಕಡೆ ನೋಡಿದ್ರು. ಅದರೊಳಗೇ ಇತ್ತು.

ಆಗ ಪಟ್ಟಣದ ತಜ್ಞೆ ಶಾಹೀನಾ ಮೇಡಂಗೆ ಫೋನ್ ಮಾಡಿದ್ರು. ಮಾತಾಡೋಕೆ ಯಾರೂ ಮುಂದೆ ಬರಲಿಲ್ಲ, ಹೊಣೆ ನೋಡಿ. ಫೋನು ತಿಪ್ಪೇಶನ ಕೈಗೆ ಬಂತು.

"ಸೋಂಕು ಎಲ್ಲಿಂದ ಶುರುವಾಯ್ತೋ ಅದನ್ನ ಹುಡುಕಿ" ಅಂದ್ರು ಮೇಡಂ. "ಬೇರೆ ಯಾವುದಕ್ಕೂ ತಾಗದಂಗೆ ತಣ್ಣನೆ ಜಾಗದಲ್ಲಿ ಬೀಗ ಹಾಕಿಡಿ. ನಾನು ಬರೋವರೆಗೂ ತೆಗೀಬೇಡಿ."

"ಸರಿ ಮೇಡಂ" ಅಂದ ತಿಪ್ಪೇಶ. "ಸಾರ್, ಶುರುವಾಗಿದ್ದು ಎಲ್ಲಿಂದ?"

ಗುಮಾಸ್ತರೆಲ್ಲ ಸಾಹೇಬ್ರ ಕಡೆ ಕೈ ತೋರಿಸಿದ್ರು.

ಕ್ಯಾನು ಹೊತ್ತ ತೋಳು ಅವನದು. ಸಾಹೇಬ್ರನ್ನ ಅನಾಮತ್ತಾಗಿ ಎತ್ತಿದ, ಬೆಣ್ಣೆ ಇಡೋ ಕೋಲ್ಡ್ ರೂಮಿನಲ್ಲಿ ಇಳಿಸಿದ, ಬೀಗ ಹಾಕಿದ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡ. ಗುಮಾಸ್ತರು ಬೋಂಡಾ ತರಿಸೋಕೆ ಹೊರಟರು.

ಸ್ವಲ್ಪ ಹೊತ್ತಿಗೆ ಮೇಡಂ ದಾರಿಯಿಂದ ಫೋನ್ ಮಾಡಿದ್ರು. "ಬೇರೆ ಇಟ್ರಾ?"

"ಇಟ್ಟೆ ಮೇಡಂ."

"ಭೇಷ್. ಬಿಸಿಯಾಗಿದೆಯಾ?"

"ಇಲ್ಲ ಮೇಡಂ, ಚೆನ್ನಾಗಿ ತಣ್ಣಗಾಗಿದೆ."

"ಒಳಗಿಂದ ಶಬ್ದ ಏನಾದ್ರೂ ಬರ್ತಿದೆಯಾ?"

ತಿಪ್ಪೇಶ ಬಾಗಿಲಿಗೆ ಕಿವಿ ಇಟ್ಟು ಕೇಳಿದ.

"ಬರ್ತಿದೆ ಮೇಡಂ. ಮೊದಲು ಬೈತಿತ್ತು. ಈಗ ಕೈಮುಗೀತೀನಿ ಅಂತಿದೆ."