ಏಡಿ ಮತ್ತು ಕೊಕ್ಕರೆಯ ಹಲಗೆ

ಏಡಿ ಹೊಳೆಯ ಆಳ ಅಳೆಯುತ್ತಿತ್ತು. ದಡದಲ್ಲಿದ್ದ ಕೊಕ್ಕರೆ ಅದನ್ನು ಹಲಗೆಯ ಮೇಲೆ ಬರೆಯುತ್ತಿತ್ತು. ಅಳತೆಯನ್ನು ಎಲೆಯಲ್ಲಿ ಗೀಚಿ ಕೊಕ್ಕರೆಯ ಕಾಲ ಬಳಿ ಇಟ್ಟು ಹೋಗುವುದು ಏಡಿಯ ಕ್ರಮ. ಒಂದು ದಿನ ನೀರು ಏರಿತು. ಕೊಕ್ಕರೆ ‘೯’ ಅಳಿಸಿ, ‘೧೦’ ಬರೆಯಲೆಂದು ಮೊದಲ ಅಂಕಿ ಬರೆಯಿತು. ಅಷ್ಟರಲ್ಲಿ ಏಡಿ ಹಲಗೆಯನ್ನೇ ಏರಿತು.

“ಸರಿಯಿರಿ ಕೊಕ್ಕರೆಯವರೇ, ನಿಮ್ಮ ನಿಧಾನಕ್ಕೆ ಹೊಳೆ ಕಾಯುವುದಿಲ್ಲ. ಈಗ ಹನ್ನೊಂದು. ನಾನೇ ಬರೆಯುತ್ತೇನೆ.”

“ಎಲೆಯಲ್ಲಿಟ್ಟು ಹೋಗು. ಬಳಪ ಬಿಡು!”

ಇಬ್ಬರೂ ಬಳಪ ಜಗ್ಗಾಡುತ್ತಿರುವಾಗ ಜಿಂಕೆ ಬಂದು ಹಲಗೆಯ ಮೇಲಿನ ‘೧’ ಓದಿತು. “ಒಂದೇ ಅಡಿ, ಬಾ ಮಗು,” ಎಂದು ಮರಿಯೊಡನೆ ನೀರಿಗಿಳಿಯಿತು.

ಮುಳುಗುತ್ತಿದ್ದ ಮರಿಯನ್ನು ಕಚ್ಚಿ ಎಳೆದುಕೊಂಡು ಹೇಗೋ ದಡ ಸೇರಿದ ಜಿಂಕೆ ಕೇಳಿತು: “ಅಳೆದವರು ಯಾರು?”

“ನಾನು. ಸರಿಯಾಗಿಯೇ ಅಳೆದೆ,” ಎಂದಿತು ಏಡಿ.

“ನಾನು ಓದಿದ್ದು ನಿನ್ನ ಅಳತೆಯನ್ನಲ್ಲ, ನಿಮ್ಮ ಜಗಳವನ್ನು,” ಎಂದಿತು ಜಿಂಕೆ.