ಏಳನೇ ಪುಟದ ರಾಕ್ಷಸ

ದಾಳ ಉರುಳಿಸಿ, ವೀರರಾಗಿ ನಟಿಸುತ್ತ ಆಡುವ ಸಾಹಸದಾಟದ ಹಳೇ ಪುಸ್ತಕವೊಂದಿತ್ತು. ಆಡಿದವರೆಲ್ಲ ಬೈದು ಮೂಲೆಗೆಸೆದಿದ್ದರು. ಹೊಸ ನಿಯಮಗಳಿಗೆ ತಕ್ಕಂತೆ ಅದನ್ನು ತಿದ್ದುವ ಕೆಲಸ ಪೆನ್ಸಿಲ್ಲಿಗೆ ಬಂತು. ಈ ಭಾನುವಾರವೂ ಆಟ ಕೆಟ್ಟರೆ ಪುಸ್ತಕ ರದ್ದಿಗೆ.

"ಹೆದರಬೇಡ ಅಜ್ಜ, ನಾನು ಕೈಯಿಟ್ಟ ಕೆಲಸ ಇವತ್ತಿನವರೆಗೆ ಕೆಟ್ಟಿಲ್ಲ" ಎಂದು ಹಳೇ ಪುಸ್ತಕದ ಮುಂದೆ ಎದೆಯುಬ್ಬಿಸಿದ ಪೆನ್ಸಿಲ್ಲು, ರಾಕ್ಷಸರ ಬಲದ ಅಂಕಿಗಳನ್ನು ಸರಸರನೆ ತಿದ್ದತೊಡಗಿತು. ತಿದ್ದುವಾಗ ಒಂದು ವಿಚಿತ್ರ ಕಂಡಿತು. ಏಳನೇ ಪುಟದವರೆಗೆ ಬೆರಳಿನ ಕೊಳೆ, ಅಲ್ಲಿಂದಾಚೆ ಹಾಳೆಗಳು ಹೊಚ್ಚಹೊಸವು.

"ಏಳರಲ್ಲಿ ಏನಿದೆ ಅಜ್ಜ?"

"ಬೀಗ ಹಾಕಿದ ಬಾಗಿಲು, ಕಾವಲಿಗೊಬ್ಬ ರಾಕ್ಷಸ. ಎಲ್ಲರೂ ಅವನ ಕೈಲಿ ಸೋತು ಆಟ ಬಿಟ್ಟೇಳುತ್ತಿದ್ದರು."

ಪೆನ್ಸಿಲ್ಲು ಆ ಪುಟಕ್ಕೇ ಹೋಗಿ ಕೇಳಿತು: "ಏನಯ್ಯಾ ರಾಕ್ಷಸ, ನಿನ್ನ ಬಲ ಎಷ್ಟು ಇಳಿಸಲಿ?"

"ಬಲ ಹಾಗಿರಲಿ ಮಾರಾಯ. ಬೀಗದ ಕೈ ನನ್ನ ಸೊಂಟದಲ್ಲೇ ಇದೆ, ಕೇಳಿದ್ದರೆ ಕೊಡುತ್ತಿದ್ದೆ. ನನ್ನನ್ನು ಹೊಡೆಯಬೇಕು ಅಂತ ಬರೆದರು, ಮಾತಾಡಿಸಬಹುದು ಅಂತ ಬರೆಯಲಿಲ್ಲ."

ಪೆನ್ಸಿಲ್ಲು ಅವನ ಬಲದ ಅಂಕಿಯನ್ನು ಮುಟ್ಟಲಿಲ್ಲ. ಅಂಚಿನಲ್ಲಿ ಒಂದೇ ಸಾಲು ಬರೆಯಿತು: 'ರಾಕ್ಷಸನನ್ನು ಮಾತಾಡಿಸಬಹುದು.'

ಭಾನುವಾರ ಎಂಟನೇ ಪುಟಕ್ಕೆ ಮೊದಲ ಬೆರಳಿನ ಕೊಳೆ ಅಂಟಿತು. ರಬ್ಬರು ಆ ಕೊಳೆ ಒರೆಸಲು ಓಡಿಬಂತು, ಅಜ್ಜ ಬಿಡಲಿಲ್ಲ.